ಸಿಡಿಲಿನ ಎಡಗೈ

ರಿಂಗಿನೊಳಗೆ ಯಾರಾದರೂ ದೊಪ್ಪನೆ ಬಿದ್ದರೆ ನಾನು ಮೊದಲು ಮಾಡುವ ಕೆಲಸ ಮೊಣಕಾಲೂರಿ ಅವನ ಕೈ ಹಿಡಿಯುವುದು. ನೋಡುವವರಿಗೆ ರೆಫ್ರಿ ಏನೋ ಪರೀಕ್ಷೆ ಮಾಡುತ್ತಿದ್ದಾಳೆ ಅನ್ನಿಸುತ್ತದೆ. ನಿಜಕ್ಕೂ ಅದೊಂದು ಪ್ರಶ್ನೆ. ನನ್ನ ಎರಡು ಬೆರಳನ್ನು ಅವನ ಅಂಗೈಯಲ್ಲಿಟ್ಟು ಒಮ್ಮೆ ಒತ್ತುತ್ತೇನೆ. ಅವನು ತಿರುಗಿ ಒತ್ತಿದರೆ ‘ಆರಾಮಿದ್ದೇನೆ, ಆಟ ನಡೆಯಲಿ’ ಎಂದು ತಿಳಿಯಬೇಕು. ಒತ್ತದಿದ್ದರೆ ನಾನು ಎದ್ದು ನಿಂತು ಎರಡೂ ಕೈಗಳನ್ನು ತಲೆಯ ಮೇಲೆ ಕತ್ತರಿಯ ಹಾಗೆ ಅಡ್ಡ ಹಿಡಿಯಬೇಕು. ಪ್ರದರ್ಶನದ ಕುಸ್ತಿಯಲ್ಲಿ ಎಲ್ಲವೂ ಮೊದಲೇ ಮಾತಾಡಿಕೊಂಡದ್ದೇ. ಯಾರು ಗೆಲ್ಲಬೇಕು, ಯಾರು ಯಾರನ್ನು ಎತ್ತಿ ಒಗೆಯಬೇಕು, ರೆಫ್ರಿ ಯಾವಾಗ ಕುರುಡಿಯಾಗಬೇಕು, ಎಲ್ಲ. ಆದರೆ ಆ ಕತ್ತರಿಯೊಂದನ್ನು ಮಾತ್ರ ಯಾವ ಕಂಪನಿಯೂ ಆಟಕ್ಕೆ ಬಳಸುವುದಿಲ್ಲ. ಅದು ಕಂಡರೆ ಗಂಟೆ ಬಾರಿಸಿ ಆಟ ನಿಲ್ಲಿಸಬೇಕು.

ನಾನು ವಾರವೆಲ್ಲ ಕಲಬುರಗಿಯ ಒಂದು ಹೆಣ್ಣುಮಕ್ಕಳ ಶಾಲೆಯ ಡ್ರಿಲ್ ಮೇಡಂ. ಭಾನುವಾರ ಬಂದರೆ ಪಟ್ಟೆ ಅಂಗಿ ತೊಟ್ಟು ಕುಸ್ತಿ ಕಂಪನಿಯ ರೆಫ್ರಿ. ಗಾಜಿಪುರದ ನಮ್ಮ ಓಣಿಯಲ್ಲಿ ನನ್ನನ್ನು ‘ಗಂಡಸರ ಜಗಳ ಬಿಡಿಸೋ ಮೇಡಮ್ಮ’ ಎಂದು ಕಾಡುತ್ತಾರೆ. ಇಷ್ಟು ವರ್ಷಗಳಲ್ಲಿ ನಾನು ಆ ಕತ್ತರಿ ಹಾಕಿದ್ದು ಒಂದೇ ಸಲ, ಕಮಲಾಪುರದಲ್ಲಿ. ಹಾಕಿದ್ದು ನಾನೇ ಈ ಕಂಪನಿಗೆ ಕರೆತಂದ ಪೈಲ್ವಾನನ ಮೇಲೆ. ಅದಕ್ಕೂ ಮುಂಚಿನ ಮೂರು ವಾರ ನನಗೆ ಅನ್ನ ಸೇರಿರಲಿಲ್ಲ.

ಪೈಲ್ವಾನ ಕಲಬುರಗಿಯದೇ ಶಹಾಬಜಾರದವನು. ಅಲ್ಲಿನ ಹಳೇ ತಾಲೀಮಿನ, ಅಂದರೆ ಗರಡಿಮನೆಯ, ಕೆಂಪು ಮಣ್ಣಿನಲ್ಲಿ ಬೆಳೆದು, ಆಮೇಲೆ ಪ್ರದರ್ಶನದ ಕುಸ್ತಿಗೆ ಬಂದ. ಹಳೇ ಕಂಪನಿಯಲ್ಲಿ ಅವನ ಹೆಸರು ‘ಶಹಾಬಜಾರದ ಸಿಡಿಲು’. ಹಲಗಿ ವಾದ್ಯದ ಬಡಿತಕ್ಕೆ ಹೆಜ್ಜೆ ಹಾಕುತ್ತ ಹಸಿರು ನಿಲುವಂಗಿಯಲ್ಲಿ ಬರುತ್ತಿದ್ದ. ರಿಂಗು ಹತ್ತಿದ ಕೂಡಲೇ ತೊಡೆ ತಟ್ಟುತ್ತಿದ್ದ. ನಮ್ಮ ಕಡೆ ಅದಕ್ಕೆ ಶಡ್ಡು ಹೊಡೆಯುವುದು ಅನ್ನುತ್ತಾರೆ. ಅವನ ಶಡ್ಡಿನ ಸಪ್ಪಳಕ್ಕೆ ಹಿಂದಿನ ಸಾಲಿನವರೂ ಎದ್ದು ನಿಲ್ಲುತ್ತಿದ್ದರು. ಆಟದ ಕೊನೆಗೆ ಮೂಲೆಯ ಕಂಬ ಹತ್ತಿ, ಮೇಲಿನ ಹಗ್ಗದ ಮೇಲೆ ನಿಂತು, ಒಂದು ಗಳಿಗೆ ತಡೆದು, ಕೆಳಗೆ ಬಿದ್ದಿರುವ ಎದುರಾಳಿಯ ಮೇಲೆ ಹಾರುತ್ತಿದ್ದ. ಬೀದರಿನಿಂದ ಸೊಲ್ಲಾಪುರದವರೆಗೆ ಮಂದಿ ಆ ಹಾರಾಟ ನೋಡಲೆಂದೇ ಬರುತ್ತಿದ್ದರು.

ರೆಫ್ರಿಯ ಮುಖವನ್ನು ಯಾರೂ ನೋಡುವುದಿಲ್ಲವಾದ್ದರಿಂದ ನಾನು ಆಗ ಎರಡೂ ಕಂಪನಿಗಳಿಗೆ ಹೋಗುತ್ತಿದ್ದೆ. ಹೊಸ ಕಂಪನಿಯ ಮಾಲೀಕ ಮೊದಲು ಕೇಬಲ್ ಟಿವಿ ನಡೆಸುತ್ತಿದ್ದವರು. ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, “ಮೇಡಮ್ಮರ, ಆ ಸಿಡಿಲಿಗೆ ಒಂದ್ ಮಾತ್ ಹೇಳ್ರಿ. ನಮ್ಮ ಆಟ ಮೊಬೈಲ್‌ನಾಗ ದೇಶಾ ತುಂಬ ನೋಡ್ತಾರ. ಅಲ್ಲಿ ಕುಂತು ಏನ್ ಮಾಡ್ತಾನ?” ಎಂದರು. ಹೇಳಿದೆ. ಅದೂ ಬರೀ ಹೇಳಲಿಲ್ಲ, ಅಕ್ಕನ ಹಾಗೆ ತಿಳಿಹೇಳಿದೆ. ಅವನು ಎರಡು ದಿನ ಯೋಚಿಸಿ ಬಂದುಬಿಟ್ಟ.

ಬಂದ ಮೇಲೆ ತಿಳಿಯಿತು, ಬಂದದ್ದು ಪೈಲ್ವಾನ ಮಾತ್ರ, ಸಿಡಿಲು ಅಲ್ಲೇ ಉಳಿದಿದೆ ಎಂದು. ಹೆಸರು ಹಳೇ ಕಂಪನಿಯ ಸೊತ್ತು. ನಿಲುವಂಗಿ, ಹಲಗಿ, ಶಡ್ಡು ಹೊಡೆದು ಬರುವ ರೀತಿ, ಕಂಬದಿಂದ ಹಾರುವುದು, ಎಲ್ಲವನ್ನೂ ಆ ಹೆಸರಿನ ಜೊತೆಗೇ ಕಾಗದದಲ್ಲಿ ಬರೆಸಿಕೊಂಡಿದ್ದರು. ಅವನು ಓದದೆ ಸಹಿ ಹಾಕಿದ್ದ. ಕೋರ್ಟಿನ ನೋಟೀಸಿಗೆ ಹೆದರಿದ ಹೊಸ ಮಾಲೀಕರು ಅವನ ಮುಖಕ್ಕೆ ಕಪ್ಪು ಮುಸುಕು ಹಾಕಿ ‘ಬ್ಲ್ಯಾಕ್ ಕೋಬ್ರಾ’ ಎಂದು ಹೆಸರಿಟ್ಟರು. ತಾಲೀಮಿನವರು ಅದನ್ನು ‘ಕೇರಿಹಾವು’ ಮಾಡಿದರು. ಮೊದಲ ವರ್ಷ ಕೊನೆಯ ಆಟಕ್ಕಿಂತ ಹಿಂದಿನ ಆಟ ಅವನದಿತ್ತು. ಎರಡನೇ ವರ್ಷ ನಡುವಿನ ಆಟ. ಮೂರನೇ ವರ್ಷಕ್ಕೆ ಮಂದಿ ಇನ್ನೂ ಕುರ್ಚಿ ಹುಡುಕುತ್ತಿರುವಾಗಲೇ ಅವನ ಆಟ ಮುಗಿದಿರುತ್ತಿತ್ತು. ಕಮಲಾಪುರದ ಪೋಸ್ಟರಿನಲ್ಲಿ ಅವನ ಮುಸುಕಿಗಿಂತ, ಆಟದ ಖರ್ಚು ಹೊತ್ತ ಬಾಳೆಹಣ್ಣಿನ ವ್ಯಾಪಾರಿಯ ಫೋಟೋ ದೊಡ್ಡದಿತ್ತು. ಅದನ್ನು ನೋಡಿದಾಗ ನನಗೆ ನನ್ನ ಮೇಲೇ ಸಿಟ್ಟು ಬಂತು. ಯಾರ ಬಾಳಿನಲ್ಲೋ ಕಡ್ಡಿ ಆಡಿಸಲು ನನಗೆ ಯಾರು ಹೇಳಿದ್ದರು?

ಕಮಲಾಪುರದ ಆಟಕ್ಕೆ ಮೂರು ವಾರ ಇರುವಾಗ, ಐವಾನ್-ಎ-ಶಾಹಿ ಕಡೆಯ ಒಂದು ಖಾಲಿ ಗೋದಾಮಿನಲ್ಲಿ ತಾಲೀಮು ಮುಗಿಸಿ ಚಹಾ ಕುಡಿಯಲು ನಿಂತಿದ್ದೆವು. ಪೈಲ್ವಾನ ಬಲಗೈಯಲ್ಲಿ ಬಸಿ ಹಿಡಿದು, ಎಡಗೈಯಲ್ಲಿದ್ದ ಕಪ್ಪಿನಿಂದ ಚಹಾ ಸುರಿಯಲು ಹೋದ. ಕಪ್ಪು ಜಾರಿ ನೆಲಕ್ಕೆ ಬಿತ್ತು. ಬೀಳುವುದು ಯಾರ ಕೈಯಿಂದಲೂ ಬೀಳುತ್ತದೆ. ನನ್ನನ್ನು ಹೆದರಿಸಿದ್ದು ಬೇರೆ. ಕಪ್ಪು ನೆಲ ಮುಟ್ಟಿ ಸಪ್ಪಳವಾದ ಮೇಲೆ ಅವನು ತನ್ನ ಕೈ ಕಡೆ ನೋಡಿದ.

“ಯಾವಾಗಿಂದ ಹಿಂಗ?” ಎಂದೆ.

“ಏನಿಲ್ರೀ ಅಕ್ಕಾರ. ಜೋಮ ಹಿಡದದ.”

“ಬೆರಳ ಮಡಚು ನೋಡೂಣು.”

ಮಡಚಿದ. ಮೂರು ಮಡಚಿದವು. ಉಂಗುರ ಬೆರಳು, ಕಿರುಬೆರಳು ಅರ್ಧಕ್ಕೆ ನಿಂತವು. ತಿಂಗಳ ಹಿಂದೆ ಒಬ್ಬ ಅವನನ್ನು ತಲೆ ಮೇಲೆತ್ತಿ ಒಗೆದಾಗ ಕುತ್ತಿಗೆ ಮೇಲೆ ಬಿದ್ದಿದ್ದನಂತೆ. ಅವತ್ತಿನಿಂದ ಕುತ್ತಿಗೆಯಿಂದ ಬೆರಳಿನವರೆಗೆ ಕರೆಂಟು ಹೊಡೆದ ಹಾಗಾಗುವುದು, ಆಮೇಲೆ ಜೋಮು.

“ಈಗಿಂದೀಗ ಡಾಕ್ಟರ್ ಕಡೆ ಹೋಗೂಣ ನಡಿ.”

“ಕಮಲಾಪುರ ಒಂದ್ ಆಗಲ್ರೀ. ಅಲ್ಲಿ ಆಟ ಛಲೋ ಆದ್ರ ಮುಸುಕ ತಗಸ್ತೀನಿ ಅಂದಾರ ಮಾಲಕ್ರು. ಕಲಬುರಗಿ ಆಟದಾಗ ನನ್ನ ಮಾರಿ ತೋರಸ್ತಾರಂತ. ಮೂರು ವರ್ಷ ಆಯ್ತ್ರೀ ಅಕ್ಕಾರ, ಮಂದಿ ನನ್ನ ಮಾರಿ ನೋಡಿ. ಈಗ ಕೈ ಹಿಂಗದ ಅಂತ ಗೊತ್ತಾದ್ರ ಮನಿಗೆ ಕಳಸ್ತಾರ. ನನ್ನ ಆಣಿ ಅದ, ಯಾರಿಗೂ ಹೇಳಬ್ಯಾಡ್ರಿ.”

ಅಲ್ಲೇ ನಾನು ಕಟ್ಟುನಿಟ್ಟಾಗಿ ನಡೆದುಕೊಳ್ಳಬೇಕಿತ್ತು. ಶಾಲೆಯಲ್ಲಿ ಹುಡುಗಿಯರ ಕಾಲು ಉಳುಕಿದರೆ ಖೋಖೋ ಬಿಡಿಸಿ ಕೂರಿಸುವವಳು ನಾನು. ಆದರೆ ‘ಬಾ’ ಎಂದು ಕರೆದವಳೂ ನಾನೇ ಅಲ್ಲವೆ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹೊರಟೆ. ತಲೆ ಮೇಲೆ ಎತ್ತಿಸಿಕೊಳ್ಳಬಾರದು, ಕಂಬ ಹತ್ತಬಾರದು, ಕಮಲಾಪುರದ ಮರುದಿನವೇ ಡಾಕ್ಟರ್ ಹತ್ತಿರ ಬರಬೇಕು ಎಂದೆ. ಎಲ್ಲಕ್ಕೂ ಹೂಂ ಅಂದ. ಕೊನೆಗೆ ತಾನೇ ಒಂದು ಮಾತು ಸೇರಿಸಿದ: “ರಿಂಗಿನಾಗ ಕೈ ಒತ್ತಿ ಕೇಳೂದಾದ್ರ ಬಲಗೈ ಕೇಳ್ರಿ.” ಅದಕ್ಕೂ ಒಪ್ಪಿಬಿಟ್ಟೆ.

ಒಪ್ಪಿದ್ದು ಬಿಸಿ ತುಪ್ಪವಾಯಿತು. ನುಂಗಲೂ ಆಗದು, ಉಗುಳಲೂ ಆಗದು. ಪ್ರಾರ್ಥನೆಯ ಸಾಲಿನಲ್ಲಿ ನಿಂತ ಹುಡುಗಿಯರ ಎಡಗೈಗಳನ್ನು ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದೆ. ಮೊಬೈಲಿನಲ್ಲಿ ಕುತ್ತಿಗೆಯ ನರಗಳ ಬಗ್ಗೆ ಓದಿ ಓದಿ ಇನ್ನಷ್ಟು ಹೆದರಿದೆ. ಒಂದು ಸಂಜೆ ತಡೆಯಲಾರದೆ ಶಹಾಬಜಾರದ ತಾಲೀಮಿಗೇ ಹೋದೆ. ಅಲ್ಲಿ ಹೆಂಗಸರು ಮಣ್ಣಿನ ಅಖಾಡದೊಳಗೆ ಕಾಲಿಡುವುದಿಲ್ಲ. ಹೊಸ್ತಿಲಲ್ಲಿ ಕೂತೆ. ಪೈಲ್ವಾನನಿಗೆ ಕುಸ್ತಿ ಕಲಿಸಿದ ವಸ್ತಾದರು ಕಟ್ಟೆಯ ಮೇಲೆ ಕೂತು ಸಾವಕಾಶವಾಗಿ ಬಾದಾಮಿ ಸುಲಿಯುತ್ತಿದ್ದರು. ಆಣೆ ಮುರಿಯದೆ ವಿಷಯ ತಿಳಿಯಬೇಕಾಗಿತ್ತು.

“ಪೈಲ್ವಾನ ನೋವ ಮುಚ್ಚಿಟ್ರ ಹೆಂಗ ತಿಳೀತದ್ರಿ ವಸ್ತಾದರ?” ಎಂದೆ.

ಅವರು ನಕ್ಕರು. “ಪೈಲ್ವಾನನ ಬಾಯಿ ಕೇಳಬ್ಯಾಡ ಬೇಟಿ, ಝೂಟ್ ಹೇಳ್ತದ. ಮಾರಿನೂ ನೋಡಬ್ಯಾಡ, ಅದೂ ಝೂಟ್. ಕುಸ್ತಿ ಶುರು ಆಗೂಕಿಂತ ಮೊದಲ ಕೈ ಕೊಡ್ತಾನಲ್ಲ, ಆ ಕೈ ಹಿಡಿದು ನೋಡು. ಕೈಗೆ ಸುಳ್ಳ ಬರಂಗಿಲ್ಲ.”

ಆಮೇಲೆ ನನ್ನನ್ನೇ ದಿಟ್ಟಿಸಿ, “ಕಮಲಾಪುರಕ್ಕ ನೀನೇ ರೆಫ್ರಿ ಏನು?” ಎಂದರು. ಹೌದೆಂದೆ. ನಾಲ್ಕು ಬಾದಾಮಿ ನನ್ನ ಕೈಗೆ ಹಾಕಿದರು.

ಆಟದ ದಿನ ಬೆಳಿಗ್ಗೆಯೇ ರಿಂಗಿನ ಸಾಮಾನು ಹೊತ್ತ ಲಾರಿಯ ಹಿಂದೆ ನಮ್ಮ ಗಾಡಿ ಹುಮನಾಬಾದ ರಸ್ತೆ ಹಿಡಿದು ಕಮಲಾಪುರ ಸೇರಿತು. ಒಂದು ಶಾಲೆಯ ಮೈದಾನ. ರಿಂಗು ಕಟ್ಟುವಾಗ ನಾನು ಯಾವತ್ತೂ ಎದುರಿಗಿರುತ್ತೇನೆ. ನಾಲ್ಕು ಕಬ್ಬಿಣದ ಕಂಬ, ಅಡ್ಡಪಟ್ಟಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ತೆಳ್ಳಗಿನ ಫೋಮು, ಮೇಲೆ ಎಳೆದು ಕಟ್ಟಿದ ದಪ್ಪ ಬಟ್ಟೆ. ಹಲಗೆಯ ಕೆಳಗೊಂದು ಮೈಕು ಕಟ್ಟುತ್ತಾರೆ, ಬಿದ್ದ ಸಪ್ಪಳ ಊರಿಗೆಲ್ಲ ಕೇಳಲೆಂದು. ಬೂಟು ಕಳಚಿ ಒಂದೊಂದು ಹಲಗೆಯನ್ನೂ ಹಿಮ್ಮಡಿಯಿಂದ ತುಳಿದು ನೋಡಿದೆ. ಅವತ್ತು ಎರಡು ಸಲ ನೋಡಿದೆ. ಎಲ್ಲ ಗಟ್ಟಿಯಿದ್ದವು. ಆದರೂ ಪೈಲ್ವಾನನ ಅವತ್ತಿನ ಎದುರಾಳಿಯನ್ನು ಕರೆದು, “ತಮ್ಮಾ, ನಡಕಿನ ಹಲಗಿ ಸಡಲ ಅನಸ್ತದ. ಇವತ್ತ ಅವನ್ನ ತಲಿ ಮ್ಯಾಲ ಎತ್ತಬ್ಯಾಡ, ಬರೇ ನೂಕಾಟದಾಗ ಇರ್ಲಿ ಆಟ” ಎಂದು ಸುಳ್ಳು ಹೇಳಿದೆ. ಆಳಂದ ಕಡೆಯ ಆ ಹೊಸ ಹುಡುಗ ಮೆತ್ತಗಿನ ಸ್ವಭಾವದವನು. “ಆಯ್ತ್ರೀ ಮೇಡಮ್ಮರ” ಎಂದು ಹೋದ. ಗಟ್ಟಿ ಹಲಗೆಯ ಮೇಲೆ ತಪ್ಪು ಹೊರಿಸಿದ್ದು ನನಗೆ ಅದೇ ಮೊದಲು.

ಆಟ ಹನ್ನೆರಡು ನಿಮಿಷದ್ದು. ಕೋಬ್ರಾ ಎದುರಾಳಿಯ ಕೈ ತಿರುವಿ ಕೆಡವಿ, ಮೇಲೆ ಬಿದ್ದು, ನಾನು ನೆಲ ಬಡಿದು ಮೂರು ಎಣಿಸಿದರೆ ಮುಗಿಯಿತು. ಮಾಲೀಕರು ಗಂಟೆಯ ಪಕ್ಕದಲ್ಲಿ ಕೆಂಪು ಟವೆಲ್ ಹಿಡಿದು ಕೂರುತ್ತಾರೆ. ಬೀಸಿದರೆ ಬೇಗ ಮುಗಿಸಿ ಎಂದು, ಹೆಗಲಿಗೆ ಹಾಕಿಕೊಂಡರೆ ಇನ್ನೂ ಎಳೆಯಿರಿ ಎಂದು. ಐದು ಗಂಟೆಗೆ ಬಿಸಿಲು ಇಳಿಯುವ ಹೊತ್ತಿಗೆ ಮೈದಾನ ತುಂಬಿತ್ತು. ಊರಿನವರು ಪ್ರತಿ ಪೈಲ್ವಾನನಿಗೂ ಒಂದೊಂದು ಚಿಪ್ಪು ಕೆಂಪು ಬಾಳೆಹಣ್ಣು ಕೊಟ್ಟು ಸ್ವಾಗತಿಸಿದರು. ನಮ್ಮವನು ತನ್ನ ಚಿಪ್ಪನ್ನು ಬಲಗೈಯಲ್ಲೇ ಇಸಿದುಕೊಂಡ.

ಮೊದಲ ನಾಲ್ಕು ನಿಮಿಷ ಮಂದಿ ಬಾಯಿ ಬಿಡಲಿಲ್ಲ. ಈ ಕೆಲಸದಲ್ಲಿ ಬೈಗಳನ್ನು ತಡೆದುಕೊಳ್ಳಬಹುದು, ಆ ಮೌನವನ್ನು ತಡೆದುಕೊಳ್ಳುವುದು ಕಷ್ಟ. ಮುಂದಿನ ಸಾಲಿನಲ್ಲಿ ಒಬ್ಬ ಹಣ್ಣು ಸುಲಿಯುತ್ತ ಪಕ್ಕದವನ ಹತ್ತಿರ ತೊಗರಿಯ ಧಾರಣೆ ಕೇಳುತ್ತಿದ್ದ. ಅದು ನನಗೆ ಕೇಳಿಸಿತು ಅಂದ ಮೇಲೆ ಪೈಲ್ವಾನನಿಗೂ ಕೇಳಿಸಿರಬೇಕು. ಎದುರಾಳಿಯನ್ನು ಹಗ್ಗಕ್ಕೆ ನೂಕಿ ರಿಂಗಿನ ನಡುವೆ ಬಂದು ನಿಂತವನು ಬಲಗೈ ಎತ್ತಿ ತೊಡೆ ತಟ್ಟಿಬಿಟ್ಟ. ಮೂರು ವರ್ಷ ಕಟ್ಟಿಹಾಕಿದ್ದ ಶಡ್ಡು ಅದು. ಕೆಳಗಿನ ಮೈಕಿಗೂ ಅದು ಸಿಕ್ಕಿತೋ ಏನೋ, ಮೈದಾನದ ಕೊನೆಯವರೆಗೆ ಮೊಳಗಿತು.

ಹಿಂದಿನಿಂದ ಯಾರೋ ಕೂಗಿದರು: “ಏ! ಈವ ಸಿಡ್ಲು ಅಲ್ಲೇನಲೇ?”

ಇನ್ನೊಬ್ಬ ಅಂದ, “ಹೌದಲೇ, ಅದೇ ಶಡ್ಡು! ಶಹಾಬಜಾರದ ಸಿಡ್ಲು!”

ಆಮೇಲೆ ಒಬ್ಬರ ಬಾಯಿಂದ ಒಬ್ಬರಿಗೆ ಹೋಗಿ, ಅರ್ಧ ನಿಮಿಷದಲ್ಲಿ ಇಡೀ ಮೈದಾನ “ಸಿಡ್ಲು! ಸಿಡ್ಲು!” ಎಂದು ಕೂಗುತ್ತಿತ್ತು. ಪೈಲ್ವಾನ ಒಂದು ಗಳಿಗೆ ಕಲ್ಲಾಗಿ ನಿಂತ. ನಂತರ ಮುಸುಕನ್ನು ಗಲ್ಲದ ಹತ್ತಿರ ಹಿಡಿದು ಕಿತ್ತು ಹೊರಗೆ ಒಗೆದ. ನಾನು ಮಾಲೀಕರ ಕಡೆ ನೋಡಿದೆ. ಅವರ ಮುಖದಲ್ಲಿ ಮೊದಲು ಕೋರ್ಟು ಕಾಣಿಸಿತು, ಆಮೇಲೆ ಎದ್ದು ನಿಂತ ಮಂದಿ ಕಾಣಿಸಿದರು. ಟವೆಲ್ ಹೆಗಲಿಗೆ ಹೋಯಿತು.

ಎದುರಾಳಿ ಪಾಪ, ಏನು ಮಾಡಬೇಕೆಂದು ತಿಳಿಯದೆ ಹೊಡೆತ ತಿಂದವನಂತೆ ಅಂಗಾತ ಬಿದ್ದುಕೊಂಡ. ಪೈಲ್ವಾನ ಮೂಲೆಯ ಕಂಬದ ಕಡೆ ನಡೆದ. ನಾನು ಹಿಂದೆ ಓಡಿ ಕಿವಿಯ ಹತ್ತಿರ, “ಕಂಬ ಬ್ಯಾಡ. ಮಾತು ಕೊಟ್ಟಿ ನೀ” ಎಂದೆ.

“ಒಂದೇ ಸಲ ಅಕ್ಕಾರ. ಕೇಳ್ರಿ, ಮಂದಿ ಹೆಂಗ ಕೂಗಾಕತ್ತಾರ!”

ಬಲಗೈಯಿಂದ ಹಗ್ಗ ಎಳೆದು ಹತ್ತಿದ. ಎಡಗೈ ಹಗ್ಗದ ಮೇಲೆ ಸುಮ್ಮನೆ ಕೂತಿತ್ತು. ಕತ್ತರಿಯನ್ನು ಆಗಲೇ ಹಾಕಬಹುದಿತ್ತು. ಹಾಕಲಿಲ್ಲ. ಮೂರು ವರ್ಷ ನನ್ನೆದೆಯಲ್ಲಿ ಕೂತಿದ್ದ ತಪ್ಪೊಂದು ಆ ಕೂಗಿನಲ್ಲಿ ಕರಗುತ್ತಿತ್ತು. ಅದಿನ್ನೊಂದು ನಿಮಿಷ ಕರಗಲಿ ಅನ್ನಿಸಿತು. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆಯೇ.

ಮೇಲೆ ನಿಂತು, ಹಳೆಯ ಹಾಗೇ ತಡೆದು, ಹಾರಿದ. ಆ ಹಾರಾಟದಲ್ಲಿ ಒಂದು ಗುಟ್ಟಿದೆ. ಎದುರಾಳಿಯ ಮೇಲೆ ಬಿದ್ದ ಹಾಗೆ ಕಾಣಿಸಿದರೂ ಭಾರವನ್ನೆಲ್ಲ ಎರಡೂ ಅಂಗೈಗಳು ಮೊದಲೇ ನೆಲಕ್ಕೆ ಇಳಿಸಿರುತ್ತವೆ. ಅವತ್ತು ಬಲಗೈ ಇಳಿಸಿತು, ಎಡಗೈ ಮಡಚಿಕೊಂಡಿತು. ಎಡಭುಜವೂ ತಲೆಯೂ ಒಟ್ಟಿಗೆ ಹಲಗೆಗೆ ಬಡಿದವು. ಮೈಕು ಆ ಸಪ್ಪಳವನ್ನು ಊರಿಗೆಲ್ಲ ಕೇಳಿಸಿತು, ಮಂದಿ ಹುಚ್ಚೆದ್ದು ಕುಣಿದರು.

ಉರುಳಿ ಮಗ್ಗುಲಾಗಿದ್ದ. ಬಲಗೈ ಮೈಯಡಿ ಸಿಕ್ಕಿತ್ತು. ಹೊರಗಿದ್ದದ್ದು ಎಡಗೈ. ಮೊಣಕಾಲೂರಿ ಅದರಲ್ಲಿ ಬೆರಳಿಟ್ಟು ಒತ್ತಿದೆ. ಉತ್ತರವಿಲ್ಲ. ಮತ್ತೆ ಒತ್ತಿದೆ. ಮೂರನೆಯ ಸಲ ಉಗುರು ನಾಟುವಷ್ಟು ಒತ್ತಿದೆ. ಏನೂ ಇಲ್ಲ.

ಅಷ್ಟರಲ್ಲಿ ಅವನು ಕಣ್ಣು ಬಿಟ್ಟು ನಕ್ಕ. ಬಲಗೈ ಬಿಡಿಸಿಕೊಂಡು, ಹಗ್ಗ ಹಿಡಿದು ಎದ್ದು ನಿಂತೂಬಿಟ್ಟ. ಎಷ್ಟು ಛಂದ ನಕ್ಕ ಅಂತೀರಿ! ಮೂರು ವರ್ಷದಲ್ಲಿ ಆ ನಗು ನಾನು ನೋಡಿರಲಿಲ್ಲ. ನನ್ನ ಬೆರಳುಗಳನ್ನೇ ಅನುಮಾನಿಸುವ ಹಾಗಾಯಿತು. ಆದರೂ ಸುಲಭದ ದಾರಿಯೊಂದನ್ನು ಹುಡುಕಿದೆ. “ಲಗೂ ಅವನ ಮ್ಯಾಲ ಬೀಳು, ಮೂರ ಎಣಸ್ತೀನಿ, ಗೆದ್ದು ಹೊರಗ ನಡಿ” ಎಂದೆ.

“ಇನ್ನೊಮ್ಮೆ! ಇನ್ನೊಮ್ಮೆ!” ಎಂದು ಮಂದಿ ಕೂಗುತ್ತಿದ್ದರು. ಅವನು ನನ್ನ ಕಡೆ ನೋಡದೆ, “ಇನ್ನೊಂದ್ ಸಲ” ಅಂದು ಮತ್ತೆ ಕಂಬದ ಕಡೆ ಹೊರಟ.

ಬಾಯಿ ಕೇಳಬ್ಯಾಡ, ಮಾರಿ ನೋಡಬ್ಯಾಡ ಎಂದಿದ್ದರು ವಸ್ತಾದರು. ನಾನು ರಿಂಗಿನ ನಡುವೆ ನಿಂತು ಎರಡೂ ಕೈ ಎತ್ತಿ ಕತ್ತರಿ ಹಾಕಿದೆ.

ಗಂಟೆ ಬಾರಿಸುವವನು ಮಾಲೀಕರ ಮುಖ ನೋಡಿದ. ಮಾಲೀಕರು ತಲೆ ಅಡ್ಡ ಆಡಿಸಿದರು. ಕೈ ಇಳಿಸಲಿಲ್ಲ ನಾನು. ಮೊದಲು ನೋಡಿದವನು ಎದುರಾಳಿ. ನೆಲದ ಮೇಲಿಂದ ದಡಕ್ಕನೆ ಎದ್ದು, ಒಂದು ಕಾಲು ಹಗ್ಗದ ಮೇಲಿಟ್ಟಿದ್ದ ಪೈಲ್ವಾನನನ್ನು ಹಿಂದಿನಿಂದ ಸೊಂಟಕ್ಕೆ ತಬ್ಬಿ, ಕುಸ್ತಿ ಹಿಡಿದ ಹಾಗೆ ತೋರಿಸುತ್ತ ಮೆಲ್ಲಗೆ ಕೆಳಗಿಳಿಸಿದ. ಆಮೇಲೆ ಗಂಟೆ ಬಿತ್ತು.

ಗೆದ್ದವರಿಲ್ಲ, ಸೋತವರಿಲ್ಲ. ಮಂದಿಗೆ ಕತ್ತರಿಯ ಅರ್ಥ ಎಲ್ಲಿಂದ ತಿಳಿಯಬೇಕು? ನನಗೆ ಬಿದ್ದ ಬೈಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಕೆಂಪು ಬಾಳೆಯ ಸಿಪ್ಪೆಗಳು ಬಂದು ಬೆನ್ನಿಗೆ ಬಡಿದವು. “ಕೂತುಕೋ, ಕುತ್ತಿಗಿ ಅಳ್ಳಾಡಿಸಬ್ಯಾಡ” ಎಂದು ನಾನು ಅನ್ನುತ್ತಿರುವಾಗಲೇ ಪೈಲ್ವಾನ ನನ್ನನ್ನು ದಾಟಿ, ರಿಂಗು ಇಳಿದು, ಬಟ್ಟೆ ಬದಲಿಸಲು ಕೊಟ್ಟಿದ್ದ ಶಾಲೆಯ ಕೋಣೆಗೆ ನಡೆದುಹೋದ. ಓಡುತ್ತ ಹಿಂದೆ ಹೋದೆ.

ಮಾಲೀಕರು ಆಗಲೇ ಅಲ್ಲಿದ್ದರು. “ಮೇಡಮ್ಮರ, ಏನ್ ಮಾಡಿದ್ರಿ ಇದು? ನಮ್ಮ ಕಂಪನಿ ಶುರುವಾದಾಗಿಂದ ಇಷ್ಟ್ ಮಂದಿ ಎದ್ದು ನಿಂತಿದ್ದಿಲ್ಲ. ಕಲಬುರಗಿ ಕಡೀ ಆಟ ಇವಂಗೇ ಅಂತ ಅಲ್ಲೇ ಠರಾಯಿಸಿದ್ದೆ. ಕೈಗೆ ಬಂದ ತುತ್ತು ಬಾಯಿಗೆ ಬರದಂಗ ಮಾಡಿದ್ರಿ.”

ಪೈಲ್ವಾನ ಬೆಂಚಿನ ಮೇಲೆ ಕೂತಿದ್ದ. ಕಣ್ಣು ಕೆಂಪಾಗಿತ್ತು. ಅಲ್ಲಿಯವರೆಗೆ ನನಗೆ ‘ರೀ’ ಬಿಟ್ಟು ಮಾತಾಡಿದವನಲ್ಲ.

“ನೀನೇ ಕರದಿ” ಎಂದ. “ಬಾ ಅಂದಿ, ಬಂದೆ. ನಿನ್ನ ಮಾತ ಕೇಳಿ ಹೆಸರ ಬಿಟ್ಟು ಬಂದೆ. ಇವತ್ತ ಅದು ತಾನೇ ನನ್ನ ಹುಡಿಕ್ಕೊಂಡು ಬಂದಿತ್ತು. ಅದನ್ನೂ ನೀನೇ ಕಸಗೊಂಡಿ.”

“ಕೈ ಕೇಳಿದೆ. ಒತ್ತಲಿಲ್ಲ ನೀ” ಎಂದಷ್ಟೇ ಅಂದೆ.

“ಒತ್ತೀನಿ! ಮೂರು ಸಲ ಕೇಳಿದಿ, ಮೂರೂ ಸಲ ಒತ್ತೀನಿ! ನಿನಗ ನಿಲ್ಲಸೂದಿತ್ತು, ನಿಲ್ಲಿಸಿದಿ.”

ಮೂರು ಸಲ ಕೇಳಿದ್ದು ಅವನಿಗೆ ಗೊತ್ತಿದೆ. ಹಾಗಾದರೆ ಎಚ್ಚರವಿದ್ದ, ಒತ್ತಿಯೂ ಇರಬಹುದು. ಮೂರು ವಾರದ ಹೆದರಿಕೆಯಲ್ಲಿ ನನ್ನ ಬೆರಳೇ ಮರಗಟ್ಟಿತ್ತೋ? ಒಬ್ಬ ಮನುಷ್ಯನ ಬಾಳನ್ನು ಎರಡನೆಯ ಸಲ ಕೆಡಿಸಿದೆನೋ? ಮಾಲೀಕರು ನನ್ನನ್ನೇ ನೋಡುತ್ತಿದ್ದರು. ನಾನು ಬೆಂಚಿನ ಮುಂದೆ ಮೊಣಕಾಲೂರಿ ಕೂತೆ. ಅವನ ಎಡಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟು ನನ್ನ ಎರಡು ಬೆರಳನ್ನು ಅದರಲ್ಲಿಟ್ಟೆ.

“ಈಗ ಒತ್ತು.”

ನನ್ನ ಮುಖವನ್ನೇ ಸಿಟ್ಟಿನಿಂದ ನೋಡುತ್ತ, “ಒತ್ತಿದೆ. ಆಯ್ತೇನು?” ಎಂದ.

ನಾನು ಬೆರಳು ತೆಗೆಯಲಿಲ್ಲ.

“ಒತ್ತಾಕತ್ತೀನಿ ಅಲ್ಲ! ಇನ್ನೆಷ್ಟ್ ಒತ್ತಬೇಕು?” ಅವನ ಕುತ್ತಿಗೆಯ ನರ ಉಬ್ಬಿದ್ದವು. ಒತ್ತುವ ಭರಕ್ಕೆ ಬಲಗೈ ಮುಷ್ಟಿ ಕಟ್ಟಿತ್ತು.

“ತಮ್ಮಾ, ತಲಿ ಬಗ್ಗಿಸಬ್ಯಾಡ. ಕಣ್ಣ ಅಷ್ಟ ಕೆಳಗ ಮಾಡಿ ನೋಡು.”

ನೋಡಿದ. ಐದೂ ಬೆರಳು ಬಿಚ್ಚಿಕೊಂಡು ಬಿದ್ದಿದ್ದವು. ನನ್ನ ಬೆರಳುಗಳು ಅವುಗಳ ನಡುವೆ ಬಿಡಿಯಾಗಿ ಕೂತಿದ್ದವು. ಅವನು ಬಹಳ ಹೊತ್ತು ನೋಡಿದ. ಮಾಲೀಕರು ಹೆಗಲ ಮೇಲಿನ ಕೆಂಪು ಟವೆಲನ್ನು ತೆಗೆದು ನನ್ನ ಕೈಗೆ ಕೊಟ್ಟರು. ಅದನ್ನೂ ಇನ್ನೊಂದನ್ನೂ ಸುರುಳಿ ಸುತ್ತಿ, ಪೈಲ್ವಾನನನ್ನು ರಿಂಗಿಗೆ ಹಾಸಿ ಉಳಿದಿದ್ದ ಫೋಮಿನ ಮೇಲೆ ಅಂಗಾತ ಮಲಗಿಸಿ ಕುತ್ತಿಗೆಯ ಎರಡೂ ಬದಿಗೆ ಒತ್ತಿಟ್ಟೆ. ಬಾಗಿಲಲ್ಲಿ ನಿಂತಿದ್ದ ಎದುರಾಳಿ ಆಂಬುಲೆನ್ಸಿಗೆ ಫೋನ್ ಮಾಡಲು ಓಡಿದ.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಕುತ್ತಿಗೆಯ ಮಣಿ ಸರಿದು ನರ ಒತ್ತಿತ್ತು. ಇನ್ನೊಂದು ಸಲ ಹಾರಿದ್ದರೆ ಕೈಯಷ್ಟೇ ಅಲ್ಲ, ಕಾಲುಗಳೂ ಹೋಗುತ್ತಿದ್ದವು ಎಂದರು ಕಲಬುರಗಿಯ ಡಾಕ್ಟರು. ಆಪರೇಶನ್ ಆಯಿತು. ಈಗ ಬಸಿಗೆ ಚಹಾ ಸುರಿಯುವಷ್ಟು ಕೈ ಬಂದಿದೆ. ರಿಂಗಿಗೆ ಅವನು ಮತ್ತೆ ಹತ್ತಲಿಲ್ಲ. ಮುಸುಕಿಲ್ಲದ ಅವನ ಮುಖ ಒಂದು ಪೋಸ್ಟರಿನಲ್ಲೂ ಬರಲಿಲ್ಲ.

ಆದರೆ ನನಗೆ ನೆನಪಿರುವುದು ಕಮಲಾಪುರದಿಂದ ಕಲಬುರಗಿಗೆ ಬಂದ ಆ ದಾರಿ. ಹೊತ್ತು ಮುಳುಗುತ್ತಿತ್ತು. ಕುತ್ತಿಗೆಗೆ ಪಟ್ಟಿ ಬಿಗಿದು ಮಲಗಿಸಿದ್ದರು. ನಾನು ಪಕ್ಕದಲ್ಲಿ ಕೂತು ಅವನ ಎಡಗೈ ಹಿಡಿದುಕೊಂಡಿದ್ದೆ. ಅವನು ಆಂಬುಲೆನ್ಸಿನ ಚಾವಣಿ ನೋಡುತ್ತ ಮಲಗಿದ್ದ. ಅರ್ಧ ದಾರಿಗೆ ಬಂದಾಗ ಸಣ್ಣ ದನಿಯಲ್ಲಿ ಕರೆದ.

“ಅಕ್ಕಾರ.”

“ಹೇಳು.”

“ನಾ ಖರೇನ ಒತ್ತೀನಿ ಅನಕೊಂಡಿದ್ದೆ ನೋಡ್ರಿ. ಸುಳ್ಳ ಹೇಳಿದ್ದಿಲ್ಲ. ನನಗ ಒತ್ತಿದಂಗೇ ಅನಿಸಿತ್ತು.”

“ಗೊತ್ತದ.”

ಅವನ ಕಣ್ಣು ಚಾವಣಿಯ ಮೇಲೇ ಇತ್ತು. “ಹಂಗಾದ್ರ ಅಕ್ಕಾರ, ಮಂದಿ ನನ್ನ ಹೆಸರ ಕೂಗಿದ್ದು? ಅದಾದ್ರೂ ಖರೇ ಏನು? ಇಲ್ಲಾ ಅದೂ ನನಗಷ್ಟ ಅನಿಸಿದ್ದೇನು?”

ಈ ಕೆಲಸಕ್ಕೆ ಬಂದಾಗಿನಿಂದ ನಾನು ಬಾಯಿಂದಲೂ ಕೈಯಿಂದಲೂ ಎಷ್ಟೋ ಸುಳ್ಳು ಹೇಳಿದ್ದೇನೆ. ಸೋಲದವನನ್ನು ಸೋತನೆಂದಿದ್ದೇನೆ, ಗಟ್ಟಿ ಹಲಗೆಯನ್ನು ಸಡಿಲವೆಂದಿದ್ದೇನೆ. ಅವತ್ತು ಹಾಗೆ ಮಾಡುವ ಅಗತ್ಯ ಬೀಳಲಿಲ್ಲ.

“ಖರೇನ ಕೂಗಿದ್ರು” ಎಂದೆ. “ನಾ ನಡಕ ನಿಂತಿದ್ದೆ. ನಾಲ್ಕೂ ಕಡಿಂದ ಕೂಗಿದ್ರು. ನಾ ಕೇಳೀನಿ.”

ಅವನು ಕಣ್ಣು ಮುಚ್ಚಿಕೊಂಡ. ಒತ್ತುತ್ತಿದ್ದನೋ ಏನೋ ನನಗೆ ಗೊತ್ತಾಗಲಿಲ್ಲ. ನಾನು ಮಾತ್ರ ಊರು ಬರುವವರೆಗೂ ಒತ್ತುತ್ತಲೇ ಇದ್ದೆ.